ದೊಡ್ಡವಳ ತಿಳಿವಳಿಕೆ, ಚಿಕ್ಕವಳ ಧೈರ್ಯ: ಒಂದು ಆಪ್ತಸಲಹೆ ಪ್ರಕರಣ

ಕುಟುಂಬದವರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಊರು, ವಯಸ್ಸು, ವೃತ್ತಿಯ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹುಡುಗಿಯರಿಬ್ಬರನ್ನು ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತೇನೆ. ಮನೆಯಲ್ಲಿಯೂ ಅವರನ್ನು ಹೆಚ್ಚುಕಡಿಮೆ ಹಾಗೆಯೇ ಕರೆಯುತ್ತಿದ್ದರು.

ದೊಡ್ಡವಳಿಗೆ ಹನ್ನೆರಡು ವರ್ಷ, ಚಿಕ್ಕವಳಿಗೆ ಐದು. ತಾಯಿಗೆ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಗಿ, ಅವರು ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಮೂರು ವಾರಕ್ಕೊಮ್ಮೆ ಕಿಮೊಥೆರಪಿ ಪಡೆಯುತ್ತಿದ್ದರು. ತಾಲ್ಲೂಕು ಕೇಂದ್ರದಲ್ಲಿದ್ದ ಮನೆಯಲ್ಲಿ ತಂದೆ, ಅಜ್ಜಿ ಮತ್ತು ಈ ಇಬ್ಬರು ಮಕ್ಕಳು ಉಳಿದಿದ್ದರು. ತಂದೆ ನನ್ನ ಬಳಿ ಬಂದದ್ದು ಚಿಕ್ಕವಳ ವಿಷಯವಾಗಿ. ಅವಳು ಹಠಮಾರಿಯಾಗಿದ್ದಾಳೆ, ನೆಂಟರ ಮದುವೆಯಲ್ಲಿ ಎಲ್ಲರೆದುರು 'ನಮ್ಮಮ್ಮ ಸತ್ತು ಹೋಗ್ತಾಳಾ?' ಎಂದು ಕೇಳಿ ಮಾನ ಕಳೆದಳು ಎಂಬುದು ಅವರ ದೂರು. 'ದೊಡ್ಡವಳದ್ದೇನೂ ತೊಂದರೆಯಿಲ್ಲ ಮೇಡಂ, ಅವಳು ಬಹಳ ತಿಳಿವಳಿಕಸ್ಥೆ' ಎಂದರು. ಆದರೆ ಮಾತಿನ ನಡುವೆ, ದೊಡ್ಡವಳಿಗೆ ಎರಡು ತಿಂಗಳಿಂದ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಬರುತ್ತಿದೆ, ಮಕ್ಕಳ ತಜ್ಞರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದಿದ್ದಾರೆ ಎಂದೂ ಹೇಳಿದರು. ಒಂದು ಸಂಜೆ ಅವಳು ತಂಗಿಯ ಕೆನ್ನೆಗೆ ಬಾರಿಸಿ, ಆಮೇಲೆ ತಾನೇ ಎರಡು ಹೊತ್ತು ಊಟ ಬಿಟ್ಟಳಂತೆ. ಇಬ್ಬರನ್ನೂ ಕರೆತನ್ನಿ ಎಂದೆ.

ದೊಡ್ಡವಳು ಬೆಳಿಗ್ಗೆ ಐದೂವರೆಗೆ ಏಳುತ್ತಿದ್ದಳು. ಒಲೆಗೆ ನೀರಿಟ್ಟು, ಉಪ್ಪಿಟ್ಟಿಗೆ ರವೆ ಹುರಿದು, ಮೂರು ಡಬ್ಬಿ ತುಂಬಿ, ಅಜ್ಜಿಯ ಬಿಪಿ ಮಾತ್ರೆ ತೆಗೆದಿಟ್ಟು, ತಂಗಿಗೆ ಜಡೆ ಹಾಕುತ್ತಿದ್ದಳು. ತನ್ನ ಸೊಂಟದವರೆಗಿದ್ದ ಕೂದಲನ್ನು ಮಾತ್ರ ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಬೆಳಗಿನ ಹೊತ್ತು ಉಳಿಯಲಿ ಎಂದು ತಾನೇ ಯೋಚಿಸಿ ಮಾಡಿದಳೆಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. 'ಈಗ ಮನೆಗೆ ಅವಳೇ ಅಮ್ಮ' ಎನ್ನುವುದು ಬಂದವರೆಲ್ಲರ ಬಾಯಲ್ಲೂ ಇದ್ದ ಮಾತು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ನಮ್ಮ ಗಾದೆ ಎಷ್ಟು ಸುಲಭವಾಗಿ ಹಿರಿಯಳ ಹೆಗಲ ಮೇಲೆ ಮನೆಯನ್ನು ಹೊರಿಸಿಬಿಡುತ್ತದೆ ಎಂದು ನನಗೆ ಆಗ ಅನ್ನಿಸಿತು. ಕುಟುಂಬ ಚಿಕಿತ್ಸೆಯಲ್ಲಿ ಇಂಥ ಸ್ಥಿತಿಗೆ ಪೇರೆಂಟಿಫಿಕೇಶನ್ ಎನ್ನುತ್ತಾರೆ, ಅಂದರೆ ಮಗುವೇ ತಂದೆತಾಯಿಯ ಸ್ಥಾನದಲ್ಲಿ ನಿಲ್ಲಬೇಕಾಗಿ ಬರುವುದು. ಮಗು ಮನೆಗೆಲಸಕ್ಕೆ ಕೈಜೋಡಿಸುವುದು ತಪ್ಪಲ್ಲ. ತನ್ನ ಭಯವನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ಉಳಿದವರೆಲ್ಲರ ಭಯವನ್ನು ಅದೇ ಸಂತೈಸಬೇಕಾದಾಗ ತೊಂದರೆ ಶುರುವಾಗುತ್ತದೆ.

ಮೊದಲ ಎರಡು ಭೇಟಿಗಳಲ್ಲಿ ದೊಡ್ಡವಳು ನನ್ನ ಎಲ್ಲ ಪ್ರಶ್ನೆಗಳಿಗೂ 'ಪರವಾಗಿಲ್ಲ ಆಂಟಿ' ಎಂದಷ್ಟೇ ಉತ್ತರಿಸಿದಳು. ಮೂರನೆಯ ಭೇಟಿಯಲ್ಲಿ, ಮಾವನ ಮಗ ಫೋನಿನಲ್ಲಿ ಹಾಕಿಕೊಟ್ಟ ಒಂದು ಕಾರ್ಟೂನ್ ಸಿನಿಮಾವನ್ನು ತಂಗಿ ದಿನವೂ ನೋಡುತ್ತಾಳೆ, ತನಗೆ ಅದು ಇಷ್ಟವಿಲ್ಲ ಎಂದಳು. ಅದು ಹಯಾವೊ ಮಿಯಾಝಾಕಿಯವರು 1988ರಲ್ಲಿ ಮಾಡಿದ 'ಮೈ ನೇಬರ್ ಟೊಟೊರೊ'. ಜಪಾನಿನ ಹಳ್ಳಿಯೊಂದರ ಹಳೆಯ ಮನೆಗೆ ಒಬ್ಬ ತಂದೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದು ನೆಲೆಸುತ್ತಾನೆ, ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಮಿಯಾಝಾಕಿಯವರ ತಾಯಿಯೂ ಅವರ ಬಾಲ್ಯದಲ್ಲಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ನರಳಿದವರು. ಯಾಕೆ ಇಷ್ಟವಿಲ್ಲ ಎಂದು ಕೇಳಿದ್ದಕ್ಕೆ, 'ಆ ಅಕ್ಕ ಅಳುತ್ತಾಳೆ. ಅಲ್ಲಿ ಬಂದಾಗ ನಾನು ಎದ್ದು ಹೋಗ್ತೀನಿ' ಎಂದಳು.

ಅಲ್ಲಿಂದಾಚೆಗೆ ನಮ್ಮ ಮಾತುಕತೆ ಬಹುಮಟ್ಟಿಗೆ ಆ ಸಿನಿಮಾದ ಅಕ್ಕತಂಗಿಯರ ಮೇಲೆಯೇ ನಡೆಯಿತು. ಅಕ್ಕ ಸತ್ಸುಕಿ ಬೆಳಿಗ್ಗೆ ಎದ್ದು ಎಲ್ಲರ ಬುತ್ತಿ ಕಟ್ಟುತ್ತಾಳೆ. ನಾಲ್ಕು ವರ್ಷದ ತಂಗಿ ಮೇ ಒಬ್ಬಳೇ ಪೊದೆಯೊಳಗೆ ನುಗ್ಗಿ ಹೋಗಿ, ಟೊಟೊರೊ ಎಂಬ ಬೃಹತ್ ಜೀವಿಯ ಹೊಟ್ಟೆಯ ಮೇಲೆ ಅಂಜದೆ ಮಲಗುತ್ತಾಳೆ. ಅಮ್ಮ ಮನೆಗೆ ಬರುವುದು ತಡವಾಗುತ್ತದೆಂಬ ಸುದ್ದಿ ಬಂದ ದಿನ ಮೇ ಹಠ ಹಿಡಿದಾಗ, ಅಮ್ಮ ಸತ್ತರೂ ನಿನಗೆ ಚಿಂತೆಯಿಲ್ಲವೇ ಎಂಬರ್ಥದಲ್ಲಿ ಸತ್ಸುಕಿ ಕೂಗಾಡುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ನೆರೆಮನೆಯ ಅಜ್ಜಿಯೆದುರು, ಅಮ್ಮ ಸತ್ತುಹೋದರೆ ಏನು ಗತಿ ಎಂದು ಬಿಕ್ಕಿಬಿಕ್ಕಿ ಅಳುತ್ತಾಳೆ. ಅದುವರೆಗೆ ಎಲ್ಲವನ್ನೂ ಬಲ್ಲವಳಂತಿದ್ದ ಅಕ್ಕ ಅತ್ತದ್ದನ್ನು ನೋಡಿ, ಒಂದು ಮೆಕ್ಕೆಜೋಳದ ತೆನೆಯನ್ನು ಎದೆಗವಚಿಕೊಂಡು, ದೊಡ್ಡವರಿಗೇ ಮೂರು ಗಂಟೆಯ ನಡಿಗೆಯಾದ ಆಸ್ಪತ್ರೆಗೆ ಮೇ ಒಬ್ಬಳೇ ಹೊರಟುಬಿಡುತ್ತಾಳೆ.

'ಇವರಿಬ್ಬರಲ್ಲಿ ಧೈರ್ಯಸ್ಥೆ ಯಾರು?' ಎಂದು ಕೇಳಿದೆ. ಚಿಕ್ಕವಳು ಕುರ್ಚಿಯಿಂದ ಜಿಗಿದು 'ಮೇ!' ಎಂದಳು. ದೊಡ್ಡವಳು ಬಹಳ ಹೊತ್ತು ಸುಮ್ಮನಿದ್ದು, 'ಮೇಗೆ ಏನೂ ಗೊತ್ತಾಗಲ್ಲ, ಅದಕ್ಕೆ ಹೆದರಿಕೆ ಇಲ್ಲ. ಸತ್ಸುಕಿಗೆ ಗೊತ್ತಾಗತ್ತೆ' ಎಂದಳು. ಹನ್ನೆರಡರ ಹುಡುಗಿಯ ಈ ವಿವೇಚನೆ ನನಗೆ ಮೆಚ್ಚುಗೆಯಾಯಿತು, ಆದರೂ ನಾನು ಅದನ್ನು ಪೂರ್ತಿ ಒಪ್ಪಲಿಲ್ಲ. ತಂಗಿ ಕಾಣೆಯಾದಾಗ ಸತ್ಸುಕಿ ಸಂಜೆಯವರೆಗೂ ಓಡಿ ಓಡಿ ಹುಡುಕಿ, ಕೊನೆಗೆ ತನ್ನ ಕೈಲಾಗದೆಂದು ಒಪ್ಪಿಕೊಂಡು, ಟೊಟೊರೊನ ಮುಂದೆ ನಿಂತು ಅಳುತ್ತಾ ಸಹಾಯ ಬೇಡುತ್ತಾಳಲ್ಲ, ಅವಳ ನಿಜವಾದ ಧೈರ್ಯ ಅಲ್ಲಿದೆ ಎಂದು ಹೇಳಿದೆ. ಬುತ್ತಿ ಕಟ್ಟುವುದು ಅವಳಿಗೆ ಮೊದಲೇ ಬರುತ್ತಿತ್ತು, ಕೇಳಿಕೊಳ್ಳುವುದು ಬರುತ್ತಿರಲಿಲ್ಲ. ಆಗ ದೊಡ್ಡವಳು ತನ್ನ ಕೂದಲಿನ ಮಾತು ತೆಗೆದಳು. ಹೊತ್ತು ಉಳಿಸಲೆಂದು ಅವಳು ಕತ್ತರಿಸಿಕೊಂಡಿರಲಿಲ್ಲ. 'ಅಮ್ಮನಿಗೂ ಇಲ್ವಲ್ಲ' ಎಂದು ಹೇಳಿ, ನಾನು ನೋಡಿದ ಮೇಲೆ ಮೊದಲ ಬಾರಿಗೆ ಅತ್ತಳು. ಚಿಕ್ಕವಳು ಬಂದು ಅವಳ ಮಡಿಲಿನಲ್ಲಿ ತಲೆಯಿಟ್ಟು ಕುಳಿತಳು.

ಹಿರಿಯರೊಂದಿಗೆ ಪ್ರತ್ಯೇಕವಾಗಿ ಕುಳಿತಾಗ ಆ ಸಿನಿಮಾದ ಬಗ್ಗೆ ಒಂದು ಸಂಗತಿ ಹೇಳಿದೆ. ಮೊದಲ ಯೋಜನೆಯಲ್ಲಿ ಅಲ್ಲಿದ್ದದ್ದು ಒಬ್ಬಳೇ ಹುಡುಗಿ; ಆಮೇಲೆ ಅವಳನ್ನು ಅಕ್ಕತಂಗಿಯರಾಗಿ ಒಡೆದರು. ಸತ್ಸುಕಿ ಎಂದರೆ ಜಪಾನಿನ ಹಳೆಯ ಲೆಕ್ಕದ ಐದನೆಯ ತಿಂಗಳು, ಮೇ ಎಂಬುದೂ ಅದೇ ಮೇ ತಿಂಗಳು. ಸಿನಿಮಾದವರು ಕತೆಗಾಗಿ ಮಾಡಿದ್ದನ್ನು ನಾವು ಮನೆಯಲ್ಲಿ ನಿಜವಾಗಿ ಮಾಡುತ್ತಿದ್ದೇವೆ, ತಿಳಿವಳಿಕೆಯನ್ನೆಲ್ಲ ಒಬ್ಬಳಿಗೂ ಕೇಳುವ, ಅಳುವ, ಹಠ ಮಾಡುವ ಹಕ್ಕನ್ನೆಲ್ಲ ಇನ್ನೊಬ್ಬಳಿಗೂ ಹಂಚಿಬಿಟ್ಟಿದ್ದೇವೆ ಎಂದೆ. ಮದುವೆಮನೆಯಲ್ಲಿ ಚಿಕ್ಕವಳು ಕೇಳಿದ ಪ್ರಶ್ನೆ ಅವಳೊಬ್ಬಳದ್ದಲ್ಲ. ಅಕ್ಕನೂ ಅಪ್ಪನೂ ಕೇಳಲಾರದೆ ನುಂಗಿಕೊಂಡದ್ದನ್ನು ಅವಳು ಕೇಳಿದ್ದಳು.

ಮೊದಲ ಸಲಹೆ, ಇಬ್ಬರಿಗೂ ಕಾಯಿಲೆಯ ಹೆಸರನ್ನು ಹೇಳುವುದು. ಅಮ್ಮ ಮಾವನ ಮನೆಗೆ ಹೋಗಿದ್ದಾಳೆ ಎಂದಷ್ಟೇ ಚಿಕ್ಕವಳಿಗೆ ಹೇಳಲಾಗಿತ್ತು. ಆ ವಯಸ್ಸಿನ ಮಕ್ಕಳು ತಮ್ಮ ತಂಟೆಯಿಂದಲೇ ಅಮ್ಮನಿಗೆ ಹೀಗಾಯಿತೆಂದು ನಂಬಿಬಿಡುವುದುಂಟು. ಆದ್ದರಿಂದ ಇದು ಯಾರ ತಪ್ಪಿನಿಂದಲೂ ಬಂದದ್ದಲ್ಲ, ಮುಟ್ಟಿದರೆ ಅಂಟುವುದಿಲ್ಲ, ಡಾಕ್ಟರು ಔಷಧಿ ಕೊಡುತ್ತಿದ್ದಾರೆ ಎಂದು ಬಿಡಿಸಿ ಹೇಳಬೇಕು. ಸಾಯುತ್ತಾಳಾ ಎಂದು ಕೇಳಿದರೆ, ಇಲ್ಲವೇ ಇಲ್ಲ ಎಂಬ ಸುಳ್ಳಿನ ಬದಲು, ವಾಸಿಯಾಗಲೆಂದೇ ಎಲ್ಲರೂ ಪ್ರಯತ್ನಿಸುತ್ತಿದ್ದೇವೆ, ಏನೇ ಆದರೂ ನಿಮ್ಮಿಬ್ಬರನ್ನು ನೋಡಿಕೊಳ್ಳಲು ನಾವಿದ್ದೇವೆ ಎನ್ನಬೇಕು.

ದೊಡ್ಡವಳ ಕೆಲಸಗಳನ್ನು ಒಮ್ಮೆಗೇ ಕಿತ್ತುಕೊಳ್ಳಬಾರದೆಂದೂ ಎಚ್ಚರಿಸಿದೆ, ಏಕೆಂದರೆ ಅವಳು ಅದನ್ನು ಶಿಕ್ಷೆಯೆಂದು ಭಾವಿಸುತ್ತಿದ್ದಳು. ಅವಳೇ ಆರಿಸಿಕೊಂಡ ಒಂದು ಕೆಲಸ ಉಳಿಯಲಿ ಎಂದಾಗ ಅವಳು ತಂಗಿಯ ಜಡೆಯನ್ನು ಉಳಿಸಿಕೊಂಡಳು. ಅಡುಗೆಮನೆ ತಂದೆಯ ಪಾಲಿಗೆ ಬಂತು. ಅಜ್ಜಿಯ ಮಾತ್ರೆ ತಂದುಕೊಡುವ ಕೆಲಸ ಚಿಕ್ಕವಳಿಗೆ ಸಿಕ್ಕಿತು, ದೊಡ್ಡವರು ತೆಗೆದುಕೊಟ್ಟ ಮೇಲೆ ಮಾತ್ರ. 'ಅವಳೇ ಅಮ್ಮ' ಎಂಬ ಮಾತನ್ನು ನಿಲ್ಲಿಸಬೇಕೆಂದಾಗ ಅಜ್ಜಿಗೆ ಬೇಸರವಾಯಿತು, ಹೊಗಳಿದರೂ ತಪ್ಪೇ ಎಂದು ಕೇಳಿದರು. ಅವರೂ ಹನ್ನೊಂದನೆಯ ವಯಸ್ಸಿನಲ್ಲಿ ತಮ್ಮಂದಿರನ್ನು ಸಾಕಲು ಶಾಲೆ ಬಿಟ್ಟವರು. ಅವರಿಗೂ ಒಂದು ಗಂಟೆ ಮೀಸಲಿಟ್ಟೆ. ಹೊಟ್ಟೆನೋವನ್ನು ನಾಟಕವೆನ್ನದೆ, ನೋವು ಬಂದಾಗ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಆಮೇಲೆ ಶಾಲೆಗೆ ಕಳುಹಿಸಬೇಕೆಂದೂ, ತರಗತಿಯ ಶಿಕ್ಷಕಿಗೆ ವಿಷಯ ತಿಳಿಸಬೇಕೆಂದೂ ಹೇಳಿದೆ. ತಂದೆ ತಮಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ತಡವಾಗಿ ಒಪ್ಪಿಕೊಂಡರು. ಅವರಿಗೆ ಕನ್ನಡದಲ್ಲಿಯೂ ಮಾತನಾಡಬಹುದಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಬರೆದುಕೊಟ್ಟೆ.

ಆ ಸಿನಿಮಾದಲ್ಲಿ ತಾಯಿ ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು ಸತ್ಸುಕಿಯ ಕೂದಲನ್ನು ಬಾಚುವ ಒಂದು ದೃಶ್ಯವಿದೆ. ತಿಂಗಳಿಗೊಮ್ಮೆಯಾದರೂ ಮಕ್ಕಳು ಬೆಂಗಳೂರಿಗೆ ಹೋಗಿ ಬರಲಿ, ಹೋದಾಗ ತಾಯಿಯೇ ದೊಡ್ಡವಳ ತಲೆಗೆ ಎಣ್ಣೆ ಹಚ್ಚಿ ಬಾಚಲಿ ಎಂದು ಫೋನಿನಲ್ಲಿ ತಾಯಿಯನ್ನು ಕೇಳಿಕೊಂಡೆ. 'ನನ್ನ ಕೈಯಲ್ಲಿ ಇನ್ನೂ ಅಷ್ಟು ಶಕ್ತಿ ಇದೆ' ಎಂದರು ಅವರು.

ಐದನೆಯ ತಿಂಗಳು ತಂದೆ ಗಾಬರಿಯಲ್ಲಿ ಫೋನ್ ಮಾಡಿದರು. ದೊಡ್ಡವಳು ರಿಮೋಟಿಗಾಗಿ ತಂಗಿಯೊಂದಿಗೆ ಜಗಳವಾಡಿ, ಅಪ್ಪ ಮಾಡಿದ ಅವಲಕ್ಕಿ ಚೆನ್ನಾಗಿಲ್ಲವೆಂದು ತಟ್ಟೆ ದೂಡಿ, ಬಾಗಿಲು ಹಾಕಿಕೊಂಡು ಜೋರಾಗಿ ಅತ್ತಳಂತೆ. ಹೊಟ್ಟೆನೋವು ಹೇಗಿದೆ ಎಂದು ಕೇಳಿದೆ. ಮೂರು ವಾರದಿಂದ ಬಂದಿಲ್ಲ ಎಂದರು. ಕೂದಲು ಹೆಗಲಿಗೆ ಬಂದಿದೆಯಂತೆ.