ಲ್ಯಾಬ್ ಬಿಡುವ ಮುಂಚೆ ವೀಸಾ ನೋಡು, ತಮ್ಮಾ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಸಾಗರದವನಿಗೂ ತೀರ್ಥಹಳ್ಳಿಯವಳಿಗೂ ಮಧ್ಯೆ ಬಹುವಚನ ಯಾಕೆ, ಅಲ್ವಾ? ನಿನ್ನ ಪ್ರಶ್ನೆ ಇಷ್ಟು: ಸಸ್ಯರೋಗದಲ್ಲಿ ಪಿಎಚ್‌ಡಿ ಮುಗಿಸಿ ಅಮೆರಿಕಕ್ಕೆ ಪೋಸ್ಟ್‌ಡಾಕ್ ಆಗಿ ಬಂದಾಯಿತು. ಆದರೆ ಲ್ಯಾಬಿನ ಕೆಲಸಕ್ಕಿಂತ ಜನರಿಗೆ ತಿಳಿಸಿ ಹೇಳುವುದರಲ್ಲೇ ಖುಷಿ. ಅಕ್ಕನ ಹಾಗೆ ವಿಜ್ಞಾನ ಸಂವಹನಕ್ಕೆ ಬರಬಹುದಾ?

ಬರಬಹುದು. ಆದರೆ ಮೊದಲು ವೀಸಾ, ಆಮೇಲೆ ಖುಷಿ.

ನೀನು ವಿಶ್ವವಿದ್ಯಾಲಯ ಕೊಡಿಸಿದ ಎಚ್-1ಬಿ, ಅಂದರೆ ಕೆಲಸದ ವೀಸಾ ಮೇಲೆ ಇದ್ದೀಯ. ಅವರು ಕೊಟ್ಟ ಕೆಲಸ ಬಿಟ್ಟು ಹೊರಗೆ ದುಡಿಯುವ ಹಾಗಿಲ್ಲ. ಸಂಜೆ ಕೂತು ಪತ್ರಿಕೆಗೆ ಒಂದು ಲೇಖನ ಬರೆದು ದುಡ್ಡು ತೆಗೆದುಕೊಂಡರೂ ನಿಯಮ ಮುರಿದಂತೆ. "ಸುಮ್ನೆ ಫ್ರೀಲಾನ್ಸ್ ಶುರು ಮಾಡು" ಅಂತ ಇಲ್ಲಿ ಹುಟ್ಟಿದವರು ಹೇಳುತ್ತಾರೆ. ಹೇಳುವವರಿಗೇನು, ಅವರ ಪಾಸ್‌ಪೋರ್ಟ್ ಬೇರೆ. ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಲಾಟರಿ, ಅಂದರೆ ವೀಸಾ ಯಾರಿಗೆ ಅಂತ ಚೀಟಿ ಎತ್ತುವುದು, ಇಲ್ಲ. ಖಾಸಗಿ ಕಂಪನಿಗೆ ಹೋದರೆ ಇದೆ. ಜೊತೆಗೆ ಹೊಸ ಕೆಲಸಕ್ಕೆ ನೀನು ಓದಿದ ವಿಷಯದ ಪದವಿಯೇ ಬೇಕು ಅಂತ ತೋರಿಸಬೇಕು. ಬರೀ "ಬರಹಗಾರ" ಅನ್ನುವ ಹುದ್ದೆಯಾದರೆ ವಕೀಲರಿಗೆ ತಲೆನೋವು.

ಗ್ರೀನ್ ಕಾರ್ಡಿನಲ್ಲಿ, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿಯಲ್ಲಿ, ಒಂದೊಂದು ದೇಶಕ್ಕೆ ಶೇ 7ರ ಮಿತಿ ಇದೆ, ನಮ್ಮವರ ಸಾಲು ಎಷ್ಟು ಉದ್ದ ಅಂತ ನಿನಗೇ ಗೊತ್ತು. ನ್ಯಾಷನಲ್ ಇಂಟರೆಸ್ಟ್ ವೇವರ್ ಅಂತ ಒಂದು ದಾರಿ ಇದೆ, ನಿನ್ನ ಕೆಲಸ ದೇಶಕ್ಕೆ ಉಪಯೋಗ ಅಂತ ಕೊಡುವ ವಿನಾಯಿತಿ, ಅದರಲ್ಲಿ ಮಾಲೀಕರ ಹಂಗಿಲ್ಲದೆ ನೀನೇ ಅರ್ಜಿ ಹಾಕಬಹುದು. ಸಾಲು ಅದಕ್ಕೂ ಇದೆ. ಆದರೂ ಲ್ಯಾಬಿನಲ್ಲಿದ್ದು ಸಂಶೋಧನಾ ಪೇಪರುಗಳು ಬರುತ್ತಿರುವಾಗಲೇ ಹಾಕಿಬಿಡು.

ಹಾಗಾದರೆ ಹೋಗುವುದೆಲ್ಲಿಗೆ? ಎಲ್ಲರೂ ದೊಡ್ಡ ಪತ್ರಿಕೆಗಳ ಕಡೆ ನೋಡುತ್ತಾರೆ. ನಾನು ಹೇಳುವುದು ಎಕ್ಸ್‌ಟೆನ್ಷನ್ ವಿಭಾಗ. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಶುರುವಾದ ವ್ಯವಸ್ಥೆ ಇದು. ವಿಶ್ವವಿದ್ಯಾಲಯದ ಸಂಶೋಧನೆಯನ್ನು ರೈತರ ತನಕ ಮುಟ್ಟಿಸುವುದೇ ಕೆಲಸ, ನಮ್ಮ ಕೃಷಿ ವಿಜ್ಞಾನ ಕೇಂದ್ರಗಳ ಥರ. ಇಲ್ಲಿ ನಿನ್ನ ಪದವಿಯೂ ಲೆಕ್ಕಕ್ಕೆ ಬರುತ್ತದೆ, ಲಾಟರಿಯೂ ಇಲ್ಲ. ನಾನು ಒಳಗೆ ಬಂದದ್ದು ಈ ಬಾಗಿಲಿನಿಂದಲೇ.

ಇನ್ನೊಂದು ವಿಷಯ. ಊರಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಅಂದುಕೊಳ್ಳಬೇಡ. ಅಪ್ಪಯ್ಯ ಅಂಗಳದಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದನ್ನು ನೀನೂ ನೋಡಿರುತ್ತೀಯ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಸುರಿಯುವುದು. ಆಮೇಲೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆದು ಬೆಳಕಿಗೆ ಹಿಡಿಯುವುದು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಕರಗಿದ ತಾಮ್ರ ಇನ್ನೂ ಉಳಿದಿದೆ, ಹೊಡೆದರೆ ಗಿಡ ಸುಡುತ್ತದೆ. ಪಿಎಚ್ ಅನ್ನುವ ಮಾತೇ ಬೇಡ.

ನಾನು ಆಲೂಗಡ್ಡೆ ಬೆಳೆಗಾರರ ಸಭೆಗಳಲ್ಲಿ ಇದನ್ನೇ ಮಾಡಿ ತೋರಿಸುತ್ತೇನೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹಾಳುಮಾಡಿದ್ದು, ನಮ್ಮ ಅಡಿಕೆಗೆ ಕೊಳೆ ತರುವುದು, ಎರಡೂ ಫೈಟಾಫ್ತೊರಾ ಅನ್ನುವ, ಶಿಲೀಂಧ್ರದಂಥ ರೋಗಾಣುಗಳ ಕುಲದವೇ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಈ ಔಷಧಿಯನ್ನು ನಮ್ಮ ಕೊಳೆರೋಗಕ್ಕೆ ಬಳಸಲು ಹೇಳಿಕೊಟ್ಟವರು ಲೆಸ್ಲಿ ಕೋಲ್ಮನ್, 1908ರಲ್ಲಿ ಮೈಸೂರಿಗೆ ಬಂದ ಕೆನಡಾದವರು. ಒಂದು ರೀತಿಯಲ್ಲಿ ನಮ್ಮ ಹಾಗೆಯೇ ವಲಸೆ ಬಂದವರು. ಅಷ್ಟು ಹೇಳುವ ಹೊತ್ತಿಗೆ ರೈತರು ಕತ್ತಿ ನೋಡಲು ಎದ್ದು ಬಂದಿರುತ್ತಾರೆ. ನನ್ನ ಉಚ್ಚಾರಣೆ ಆಗ ಯಾರಿಗೂ ತೊಡಕಾಗುವುದಿಲ್ಲ.

ಸಂಬಳ ಬೀಜದ ಕಂಪನಿಗಳಿಗಿಂತ ಕಡಿಮೆ. ಗ್ರಾಂಟ್ ಮುಗಿದರೆ ಕೆಲಸವೂ ಮುಗಿಯಬಹುದು, ಸೇರುವಾಗಲೇ ಕೇಳಿಕೋ. ಮನೆಯವರ ವಿಷಯ ಬಿಡು. "ಡಾಕ್ಟರೇಟ್ ಮಾಡಿ ಕರಪತ್ರ ಬರೀತಾಳಂತೆ" ಅಂತ ನಮ್ಮತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದರು. ಈಗ ತೋಟಕ್ಕೆ ಎಲೆಚುಕ್ಕಿ ಬಂದರೆ ಮೊದಲ ಫೋನ್ ಅವರದೇ.

ನಿನ್ನ ಸಿವಿ ನನಗೆ ಬೇಡ. ಎಲೆಚುಕ್ಕಿ ರೋಗದ ಬಗ್ಗೆ ಒಂದು ಪುಟ ಬರೆದು ಕಳಿಸು, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಔಷಧಿ ಯಾವಾಗ ಹೊಡೆಯಬೇಕು ಅನ್ನುವುದು ಮೊದಲ ಪ್ಯಾರಾದಲ್ಲೇ ಇರಲಿ.