ಮೂವತ್ತು ದಾಟಿದ ಮಿಯಾಟಾ: ಮೊದಲು ಕಾರ್ಪೆಟ್ ನೋಡಿ, ಆಮೇಲೆ ಎಂಜಿನ್

ಬಟ್ಟೆಯ ಮಡಚುವ ಟಾಪ್ ಇರುವ ಎರಡು ಸೀಟಿನ ಜಪಾನಿ ಕಾರು ಮಾಜ್ದಾ ಎಂಎಕ್ಸ್-5 ಮಿಯಾಟಾ 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಜನರೆದುರು ಬಂತು. ಗುಂಡಿ ಒತ್ತಿದರೆ ಮೇಲೇಳುವ ದೀಪಗಳಿದ್ದ ಆ ಮೊದಲ ಪೀಳಿಗೆ ತಯಾರಾದದ್ದು 1997ರವರೆಗೆ. ನಮ್ಮ ದೇಶದಲ್ಲಿ ಇದು ಶೋರೂಮಿಗೆ ಬರಲೇ ಇಲ್ಲ. ಹಾಗಾಗಿ ಈ ಕಾರಿನ ಬಗ್ಗೆ ನನಗೆ ಬರುವ ಪತ್ರಗಳೆಲ್ಲ ಅಮೆರಿಕ, ಕೆನಡಾದ ಕನ್ನಡಿಗರವು. ಈ ಸಲ ಮೂರನ್ನು ಆಯ್ದಿದ್ದೇನೆ.

ಪ್ರಶ್ನೆ: 1991ರ ಮಿಯಾಟಾ ಕೊಂಡಿದ್ದೇನೆ, 1,32,000 ಮೈಲಿ ಓಡಿದೆ. ಮೂರು ವರ್ಷ ಬಯಲಲ್ಲೇ ನಿಂತಿತ್ತಂತೆ. ಬೆಳಿಗ್ಗೆ ಕ್ಲಚ್ ಪೆಡಲ್ ಮೆತ್ತಗಿರುತ್ತದೆ, ಮೊದಲ ಗೇರ್ ಬೀಳುವುದೇ ಇಲ್ಲ. ನಾಲ್ಕೈದು ಸಲ ತುಳಿದರೆ ಬೀಳುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಮೇಲ್ಭಾಗದಲ್ಲಿ ಟಿಕ್ ಟಿಕ್ ಶಬ್ದ. ಮಳೆ ಬಂದ ಮರುದಿನ ಸೀಟಿನ ಹಿಂದಿನ ಕಾರ್ಪೆಟ್ ಒದ್ದೆ. ಗೆಳೆಯರು ಟರ್ಬೊ ಹಾಕಿಸು ಅನ್ನುತ್ತಾರೆ. ಊರಲ್ಲಿದ್ದಾಗ ಅಪ್ಪನ ಸ್ಕೂಟರಿನ ಪ್ಲಗ್ ಬಿಚ್ಚಿ ಉಜ್ಜಿದ್ದು ಬಿಟ್ಟರೆ ನನಗೆ ಅನುಭವವಿಲ್ಲ. ಎಲ್ಲಿಂದ ಶುರು ಮಾಡಲಿ?
— ಓದುಗರು, ಸ್ಯಾನ್ ಹೊಸೆ

ಉತ್ತರ: ನೀವು ಮೊದಲು ಬರೆದದ್ದು ಕ್ಲಚ್ ಬಗ್ಗೆ. ನಾನು ಕಾರ್ಪೆಟ್‌ನಿಂದ ಶುರು ಮಾಡುತ್ತೇನೆ. ಕ್ಲಚ್ ರಿಪೇರಿ ಒಂದು ಭಾನುವಾರದ ಕೆಲಸ. ಒಳಗೆ ನಿಂತ ನೀರು ಬಾಗಿಲ ಕೆಳಗಿನ ಸಿಲ್ ಅನ್ನು ಒಳಗಿನಿಂದಲೇ ತಿನ್ನುತ್ತದೆ. ಅದು ಹೊರಗೆ ಗುಳ್ಳೆಯಾಗಿ ಕಾಣುವ ಹೊತ್ತಿಗೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸುವುದು ಬಿಟ್ಟರೆ ದಾರಿ ಇರುವುದಿಲ್ಲ. ಈ ಕಾರುಗಳು ಗುಜರಿಗೆ ಹೋಗುವುದು ಎಂಜಿನ್ ಸೋತು ಅಲ್ಲ, ಹೆಚ್ಚಾಗಿ ತುಕ್ಕಿನಿಂದ.

ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಹಿಂಬದಿಯ ಅಂಚಿನಲ್ಲಿರುವ ಪಟ್ಟಿಗೆ ಇಳಿದು, ಅಲ್ಲಿಂದ ಎರಡೂ ಪಕ್ಕದ ಸೀಟ್ ಬೆಲ್ಟ್ ಗೋಪುರಗಳ ಹಿಂದಿನ ತೂತುಗಳಿಗೆ ಹೋಗುತ್ತದೆ. ಕೊನೆಗೆ ಹಿಂದಿನ ಚಕ್ರದ ಮುಂದೆ, ಕಾರಿನ ಅಡಿಯಿಂದ ನೆಲಕ್ಕೆ ಬೀಳಬೇಕು. ಮೂರು ವರ್ಷ ಬಯಲಲ್ಲಿ ನಿಂತ ಕಾರಿನಲ್ಲಿ ಆ ತೂತುಗಳ ತುಂಬ ಎಲೆ, ಧೂಳು, ಪೈನ್ ಮರದ ಸೂಜಿ ಸೇರಿ ಕೆಸರು ಕಟ್ಟಿರುತ್ತದೆ. ಟಾಪನ್ನು ಅರ್ಧ ಎತ್ತಿ, ಟಾರ್ಚ್ ಹಿಡಿದು ಸೀಟಿನ ಹಿಂದೆ ಬಗ್ಗಿ ನೋಡಿ. ಒಂದು ಲೋಟ ನೀರನ್ನು ನಿಧಾನವಾಗಿ ಆ ತೂತಿಗೆ ಹುಯ್ಯಿರಿ, ಇನ್ನೊಬ್ಬರು ಕೆಳಗೆ ಕಣ್ಣಿಟ್ಟಿರಲಿ. ನೀರು ಸರಾಗವಾಗಿ ಹೊರಗೆ ಬಂದರೆ ಸರಿ. ತೊಟ್ಟಿಕ್ಕಿದರೆ ಅಥವಾ ಮೇಲೇ ನಿಂತರೆ ಕಟ್ಟಿಕೊಂಡಿದೆ ಎಂದರ್ಥ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ಒಂದು ಮೀಟರ್ ತೆಗೆದುಕೊಂಡು, ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ ಗುಂಡಗೆ ಮಾಡಿ, ತಿರುಗಿಸುತ್ತಾ ಇಳಿಸಿ. ಕಬ್ಬಿಣದ ತಂತಿ ಬೇಡ, ಒಳಗಿನ ಕೊಳವೆ ಹರಿಯುತ್ತದೆ. ನನ್ನ ಮೊದಲ ಮಿಯಾಟಾದಲ್ಲಿ ಹೀಗೆ ಮಾಡಿದಾಗ ಕಾಫಿ ಚರಟದಂಥ ಕರಿ ಕೆಸರು ಎರಡು ಹಿಡಿಯಷ್ಟು ಇಳಿದು ಬಂತು, ಅದರಲ್ಲಿ ಮೊಳೆತ ಬೀಜವೂ ಇತ್ತು.

ತೂತು ತೆರೆದಿದ್ದೂ ಒದ್ದೆಯಾಗುತ್ತಿದ್ದರೆ ಆ ಅಂಚಿನ ಪಟ್ಟಿಯೇ ಹರಿದಿರಬಹುದು. ಯಾವಾಗಲೋ ಟಾಪ್ ಬದಲಿಸಿದವರು ಅವಸರ ಮಾಡಿದ ಗುರುತು ಅದು. ಕಾರ್ಪೆಟ್ಟನ್ನು ಪೂರ್ತಿ ಹೊರಗೆ ತೆಗೆದು ಬಿಸಿಲಿಗೆ ಹಾಕಿ. ಮೇಲೆ ಒಣಗಿದಂತೆ ಕಂಡರೂ ಅದರಡಿಯ ದಪ್ಪ ಪದರ ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಈಗ ಕ್ಲಚ್. ನಾಲ್ಕೈದು ಸಲ ತುಳಿದ ಮೇಲೆ ಗೇರ್ ಬೀಳುತ್ತದೆ ಅಂದರೆ ಕ್ಲಚ್ ಪ್ಲೇಟ್ ಸವೆದಿಲ್ಲ, ಆಯಿಲ್ ಒತ್ತಡ ನಿಲ್ಲುತ್ತಿಲ್ಲ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಒತ್ತುತ್ತದೆ, ಆ ಒತ್ತಡಕ್ಕೆ ಸ್ಲೇವ್ ಸಿಲಿಂಡರ್ ಕ್ಲಚ್ಚನ್ನು ಬಿಡಿಸುತ್ತದೆ. ಈ ಕಾರಿನಲ್ಲಿ ಸದಾ ಕೈಕೊಡುವುದು ಸ್ಲೇವ್. ಗೇರ್‌ಬಾಕ್ಸಿನ ಬಲಪಕ್ಕದಲ್ಲಿ, 12 ಎಂಎಂ ತಲೆಯ ಎರಡು ಬೋಲ್ಟುಗಳ ಮೇಲೆ ಕೂತಿರುತ್ತದೆ. ಅದರ ತುದಿಯ ರಬ್ಬರ್ ಟೋಪಿಯನ್ನು ಬೆರಳಲ್ಲಿ ಸ್ವಲ್ಪ ಹಿಂದಕ್ಕೆ ಸರಿಸಿ. ಕಪ್ಪು ನೀರಿನಂಥ ದ್ರವ ಬೆರಳಿಗೆ ಇಳಿದರೆ ಬೇರೆ ಪರೀಕ್ಷೆ ಬೇಕಿಲ್ಲ. ಅದೇ ಹೊತ್ತಿಗೆ ಒಳಗೆ ಕ್ಲಚ್ ಪೆಡಲಿನ ಮೇಲ್ಗಡೆಯೂ ಕೈಯಾಡಿಸಿ; ಅಲ್ಲಿ ಜಿಡ್ಡಿದ್ದರೆ ಮಾಸ್ಟರ್ ಸಿಲಿಂಡರೂ ಸೋರುತ್ತಿದೆ. ಎರಡನ್ನೂ ಒಟ್ಟಿಗೇ ಬದಲಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೊಸ ಸ್ಲೇವ್ ಹಿಡಿದಿಡುವ ಪೂರ್ತಿ ಒತ್ತಡಕ್ಕೆ ಹಳೇ ಮಾಸ್ಟರ್ ಕೆಲವೇ ತಿಂಗಳಲ್ಲಿ ಸೋರಲು ಶುರುವಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪೈಪಿನ ನಟ್ಟಿಗೆ ಮಾಮೂಲಿ ಸ್ಪ್ಯಾನರ್ ಹಾಕಬೇಡಿ, ಮೂಲೆಗಳು ಉರುಟಾಗುತ್ತವೆ. ಬ್ರೇಕ್ ಪೈಪುಗಳಿಗೆಂದೇ ಬರುವ ಫ್ಲೇರ್ ನಟ್ ಸ್ಪ್ಯಾನರ್ ಕೊಳ್ಳಿ. ಗಾಳಿ ತೆಗೆಯಲು ಮನೆಯವರೊಬ್ಬರು ಪೆಡಲ್ ಮೇಲೆ ಕಾಲಿಟ್ಟು ಕೂರಲಿ. ಅವರು ಒತ್ತಿ ಹಿಡಿದಾಗ ಸ್ಲೇವ್ ಮೇಲಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ, ಮುಚ್ಚಿ, ಆಮೇಲೆ ಕಾಲು ಎತ್ತಲು ಹೇಳಿ. ಮೇಲಿನ ಆಯಿಲ್ ಡಬ್ಬಿ ಚಿಕ್ಕದು, ಬೇಗ ಖಾಲಿಯಾಗುತ್ತದೆ. ಐದಾರು ಸಲಕ್ಕೊಮ್ಮೆ ತುಂಬಿಸದಿದ್ದರೆ ಮತ್ತೆ ಗಾಳಿ ಹೊಕ್ಕು ಮೊದಲಿನಿಂದ ಮಾಡಬೇಕು. ಕ್ಲಚ್ಚಿಗೂ ಹಾಕುವುದು ಬ್ರೇಕ್ ಆಯಿಲ್ಲನ್ನೇ, ಅದು ಕಾರಿನ ಬಣ್ಣ ಕಿತ್ತುಹಾಕುತ್ತದೆ. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಕಾರಿನಡಿಗೆ ಹೋಗುವ ಮುಂಚೆ ಒಂದು ಮಾತು, ಇದರಲ್ಲಿ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಜಾಕ್ ಇರುವುದು ಎತ್ತಲು ಮಾತ್ರ. ಮುಂದೆ ಅಡ್ಡ ತೊಲೆಯ (ಕ್ರಾಸ್‌ಮೆಂಬರ್) ಮಧ್ಯಕ್ಕೆ, ಹಿಂದೆ ಚಕ್ರಗಳ ನಡುವಿನ ಗೇರ್ ಡಬ್ಬಿಯ (ಡಿಫರೆನ್ಷಿಯಲ್) ಕೆಳಗೆ ಜಾಕ್ ಕೊಟ್ಟು ಎತ್ತಿ, ನಾಲ್ಕು ಸ್ಟ್ಯಾಂಡುಗಳ ಮೇಲೆ ಇಳಿಸಿ, ಕೈಯಿಂದ ಕಾರನ್ನು ಜೋರಾಗಿ ಅಲ್ಲಾಡಿಸಿ ನೋಡಿ. ಅಲುಗಾಡದಿದ್ದರೆ ಮಾತ್ರ ತಲೆ ಒಳಗಿಡಿ.

ಟಿಕ್ ಟಿಕ್ ಶಬ್ದದ ಬಗ್ಗೆ ನಿದ್ದೆಗೆಡಬೇಡಿ. ಅದು ವಾಲ್ವ್ ಮೇಲಿನ ಹೈಡ್ರಾಲಿಕ್ ಲಿಫ್ಟರುಗಳದು. ನಿಂತ ಕಾರಿನಲ್ಲಿ ಅವುಗಳೊಳಗಿನ ಆಯಿಲ್ ಇಳಿದುಹೋಗಿರುತ್ತದೆ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಒಂದೆರಡು ಸಾವಿರ ಮೈಲಿ ಓಡಿಸಿ ಮತ್ತೊಮ್ಮೆ ಬದಲಿಸಿ. ಬಹಳಷ್ಟು ಸಲ ಅಷ್ಟಕ್ಕೇ ನಿಲ್ಲುತ್ತದೆ. ಹೇಗೂ ನಿಮ್ಮ 1991ರ ಡ್ಯಾಶ್‌ಬೋರ್ಡಿನಲ್ಲಿ ನಿಜವಾದ ಆಯಿಲ್ ಪ್ರೆಶರ್ ಮೀಟರ್ ಇದೆ. 1995ರಿಂದ ಮುಳ್ಳು ಮಾತ್ರ ಉಳಿದು, ಒಳಗೆ ಬರೀ ಸ್ವಿಚ್ ಬಂತು. ನಿಮ್ಮ ಮುಳ್ಳು ಬಿಸಿ ಎಂಜಿನ್ನಿನ ಐಡಲಿಂಗ್‌ನಲ್ಲಿ ಇಳಿದು, ಆಕ್ಸಿಲರೇಟರ್ ಕೊಟ್ಟಾಗ ಏರಿದರೆ ಅದು ಸಹಜ.

ಬಾನೆಟ್ ಎತ್ತಿದಾಗ ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ತೊಟ್ಟಿಯ ಬಣ್ಣವನ್ನೂ ನೋಡಿ. ಅದು ಕಪ್ಪಗಿರಬೇಕು. ಕಂದು ಹಸಿರಿಗೆ ತಿರುಗಿದ್ದರೆ ಪ್ಲಾಸ್ಟಿಕ್ ಬೆಂದು ಪುಡಿಯಾಗುವ ಹಂತದಲ್ಲಿದೆ. ಹೆದ್ದಾರಿಯಲ್ಲಿ ಒಡೆಯುವ ಮುಂಚೆಯೇ ರೇಡಿಯೇಟರ್ ಬದಲಿಸಿಬಿಡಿ.

ಟರ್ಬೊ ಈಗ ಬೇಡ. ಸಾವಿರ ಕಿಲೋಗೂ ಕಮ್ಮಿ ತೂಕದ ಕಾರು, ಸುಮಾರು 115 ಕುದುರೆಶಕ್ತಿಯ 1.6 ಲೀಟರ್ ಎಂಜಿನ್. ಕುದುರೆಯೂ ಸವಾರನೂ ಒಂದೇ ದೇಹವಾಗುವ ‘ಜಿನ್ಬಾ ಇತ್ತಾಯ್’ ಅನ್ನುವ ಜಪಾನಿ ಮಾತನ್ನು ಮುಂದಿಟ್ಟುಕೊಂಡು ಮಾಜ್ದಾದವರು ಇದನ್ನು ಕಟ್ಟಿದ್ದು. ಹೊಸ ರಬ್ಬರ್ ಬುಷ್, ಒಳ್ಳೇ ಟಯರ್, ಸರಿಯಾದ ಅಲೈನ್‌ಮೆಂಟ್ ಕೊಟ್ಟು ಒಂದು ವರ್ಷ ಓಡಿಸಿ. ಜೊತೆಗೆ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ನಿಮಗೆ ಸ್ಮಾಗ್ (ಹೊಗೆ) ಪರೀಕ್ಷೆ ಇದೆ, ರಾಜ್ಯದ ಅನುಮೋದನೆ ಇಲ್ಲದ ಟರ್ಬೊ ಕಂಡರೆ ಅಲ್ಲೇ ಫೇಲ್.

ಪ್ರಶ್ನೆ: ನನ್ನದು 1990ರ ಮಿಯಾಟಾ. ಹೋದ ವರ್ಷ ಗ್ಯಾರೇಜಿನಲ್ಲಿ ಟೈಮಿಂಗ್ ಬೆಲ್ಟ್ ಹಾಕಿಸಿದೆ. ಈಗ ಎಳೆತ ಕಮ್ಮಿಯಾಗಿದೆ, ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ. ಮೊನ್ನೆ ಬಾನೆಟ್ ಎತ್ತಿದರೆ ಕೆಳಗಿನ ಪುಲ್ಲಿ ಓಲಾಡುತ್ತಿರುವಂತೆ ಕಂಡಿತು. ಓಡಿಸಬಹುದೇ?
— ಓದುಗರು, ಎಡಿಸನ್, ನ್ಯೂ ಜರ್ಸಿ

ಉತ್ತರ: ಓಡಿಸಬೇಡಿ. ಇಂದಿನಿಂದಲೇ ನಿಲ್ಲಿಸಿ. ಪುಲ್ಲಿ ಓಲಾಡುತ್ತಿದೆ ಎಂದು ಬರೆದದ್ದು ಬಹಳ ಒಳ್ಳೆಯದಾಯಿತು.

1990 ಮತ್ತು 1991ರ ಆರಂಭದ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ, ಅಂದರೆ ನೀವು ಕಂಡ ಪುಲ್ಲಿ ಕೂತಿರುವ ಮುಖ್ಯ ದಂಡದ, ಮೂತಿ ಗಿಡ್ಡ. ಅಲ್ಲಿ ಬೆಲ್ಟನ್ನು ಓಡಿಸುವ ಹಲ್ಲಿನ ಚಕ್ರವನ್ನು ಹಿಡಿದಿರುವುದು ದಂಡದ ಕೊರಕಲಿನಲ್ಲಿ ಕೂರುವ ಒಂದು ಸಣ್ಣ ಲೋಹದ ತುಂಡು (ಕೀ) ಮತ್ತು ಒಂದು ದೊಡ್ಡ ಬೋಲ್ಟ್. ಬೆಲ್ಟ್ ಬದಲಿಸಿದವರು ಆ ಬೋಲ್ಟನ್ನು ಅಂದಾಜಿನಲ್ಲಿ ಬಿಗಿದರೆ ಚಕ್ರ ಕೂದಲೆಳೆಯಷ್ಟು ಅಲುಗಾಡಲು ಶುರುವಾಗುತ್ತದೆ. ಪ್ರತಿ ಸುತ್ತಿಗೂ ಕೀ ಆ ಕೊರಕಲಿನ ಅಂಚನ್ನು ಬಡಿಯುತ್ತಾ ಅಗಲ ಮಾಡುತ್ತದೆ. ವಾಲ್ವ್ ತೆರೆದು ಮುಚ್ಚುವ ಟೈಮಿಂಗ್ ಹಿಂದೆ ಬೀಳುತ್ತದೆ, ಎಳೆತ ಹೋಗುತ್ತದೆ.

ನಿಮ್ಮದು ಗಿಡ್ಡ ಮೂತಿಯದೇ ಎಂದು ತಿಳಿಯಲು ಎಂಜಿನ್ ಆಫ್ ಮಾಡಿ, ಪುಲ್ಲಿಯ ಮುಖದಲ್ಲಿರುವ ಸೀಳುಗಳನ್ನು ಕನ್ನಡಿ, ಟಾರ್ಚ್ ಹಿಡಿದು ಎಣಿಸಿ. ನಾಲ್ಕಿದ್ದರೆ ಗಿಡ್ಡ, ಎಂಟಿದ್ದರೆ ಉದ್ದ. ಆದರೆ ಕೀಯನ್ನೇ ದೂರುವ ಮುಂಚೆ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿಲ್ಲವೇ ಎಂದೂ ನೋಡಬೇಕು: ಮೇಲಿನ ಎರಡು ಕ್ಯಾಮ್ ಚಕ್ರಗಳ (ವಾಲ್ವ್ ತೆರೆಯುವ ದಂಡಗಳ ಚಕ್ರಗಳು) ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಇರಬೇಕು. ಎಂಜಿನ್ನಿನ ಟೈಮಿಂಗ್ ನೋಡಲೆಂದೇ ಬರುವ ಮಿಣುಕುವ ದೀಪ, ಟೈಮಿಂಗ್ ಲೈಟ್, ಹಿಡಿದಾಗ ಪುಲ್ಲಿಯ ಗುರುತು ಒಂದೇ ಕಡೆ ನಿಲ್ಲದೆ ಹಾರಾಡಿದರೆ ಕೀ ಸಡಿಲ ಅನ್ನುವುದಕ್ಕೆ ಅದೇ ಸಾಕ್ಷಿ.

ಬೋಲ್ಟ್ ಬಿಚ್ಚಿದಾಗ ಕೊರಕಲಿನ ಅಂಚು ಚೂಪಾಗಿ, ನೇರವಾಗಿದ್ದರೆ ನೀವು ಅದೃಷ್ಟವಂತರು. ಹೊಸ ಕೀ, ಹೊಸ ಬೋಲ್ಟ್, ಹೊಸ ಹಲ್ಲಿನ ಚಕ್ರ ತಂದು, ಮುಖಗಳನ್ನು ಒರೆಸಿ, ಟಾರ್ಕ್ ಸ್ಪ್ಯಾನರಿನಲ್ಲಿ 108ರಿಂದ 118 ನ್ಯೂಟನ್-ಮೀಟರ್‌ಗೆ ಬಿಗಿಯಿರಿ. ಅಂಚು ಸವೆದಿದ್ದರೆ ಲೋಹದ ಸಂದು ತುಂಬುವ ಅಂಟು ಲಾಕ್‌ಟೈಟ್ 660 ತುಂಬಿ ಚಕ್ರವನ್ನು ಕೂರಿಸುವ ಕ್ರಮ ಈ ಕಾರಿನವರಲ್ಲಿ ಬಹಳ ಕಾಲದಿಂದ ಇದೆ. ತಾಳ್ಮೆಯಿಂದ ಮಾಡಿದ್ದು ವರ್ಷಗಟ್ಟಲೆ ನಿಂತದ್ದನ್ನು ಕಂಡಿದ್ದೇನೆ. ಕೊರಕಲು ಪೂರ್ತಿ ಹಾಳಾಗಿದ್ದರೆ ಮಾತ್ರ ಉದ್ದ ಮೂತಿಯ ಬೇರೆ ಎಂಜಿನ್ ಹುಡುಕಿ. ಒಂದು ಸಮಾಧಾನವೆಂದರೆ, ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ವಾಲ್ವಿಗೆ ಬಡಿಯುವುದಿಲ್ಲ. ನಡುದಾರಿಯಲ್ಲಿ ನಿಲ್ಲುತ್ತೀರಿ ಅಷ್ಟೇ, ವಾಲ್ವುಗಳಿರುವ ಸಿಲಿಂಡರ್ ಹೆಡ್ ಉಳಿಯುತ್ತದೆ.

ಮುಂದಿನ ಬೆಲ್ಟ್ 60,000 ಮೈಲಿಗೆ. ಅದನ್ನು ನೀವೇ ಹಾಕಿ ಎಂದು ಒತ್ತಾಯ ಮಾಡುತ್ತೇನೆ. ವಾಟರ್ ಪಂಪ್, ಮುಂದಿನ ಸೀಲುಗಳನ್ನೂ ಆಗಲೇ ಬದಲಿಸಿ. ಆ ಒಂದು ಬೋಲ್ಟ್ ಸರಿಯಾಗಿ ಬಿಗಿಯಾಗಿದೆ ಎಂದು ನಿಮ್ಮ ಕೈಗೇ ಗೊತ್ತಿರಲಿ.

ಪ್ರಶ್ನೆ: ಚಳಿಗಾಲಕ್ಕೆ ಕಾರನ್ನು ಐದು ತಿಂಗಳು ಗ್ಯಾರೇಜಿನಲ್ಲಿ ನಿಲ್ಲಿಸಬೇಕು. ಏನೇನು ಮಾಡಲಿ?
— ಓದುಗರು, ಟೊರಾಂಟೊ

ಉತ್ತರ: ಮೊದಲು ಕಾರಿನಡಿಯ ಉಪ್ಪನ್ನು ತೊಳೆಯಿರಿ, ಆಯಿಲ್ ಬದಲಿಸಿ, ಪೆಟ್ರೋಲ್ ಟ್ಯಾಂಕ್ ಪೂರ್ತಿ ತುಂಬಿಸಿ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಬ್ರೇಕ್ ಹಿಡಿದುಕೊಳ್ಳುತ್ತದೆ. ಗೇರಿಗೆ ಹಾಕಿ ಚಕ್ರಕ್ಕೆ ಮರದ ತುಂಡು ಕೊಡಿ. ಟಾಪ್ ಮೇಲೆತ್ತಿಯೇ ಇರಲಿ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಚಳಿಯಲ್ಲಿ ಹಪ್ಪಳದಂತಾಗಿ ಮಡಚಿದ ಕಡೆ ಸೀಳುತ್ತದೆ. ಬೇಸಿಗೆಯಲ್ಲೂ ಟಾಪ್ ಇಳಿಸುವ ಮುಂಚೆ ಜಿಪ್ ಬಿಚ್ಚಿ ಕಿಟಕಿಯನ್ನು ಮಟ್ಟಸವಾಗಿ ಮಲಗಿಸುವ ಅಭ್ಯಾಸ ಇಟ್ಟುಕೊಳ್ಳಿ.

ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಇದನ್ನು ಗಮನಿಸಿ. ಹಿಂದಿನ ಮಾಲೀಕರು ಅಗ್ಗದ ಮಾಮೂಲಿ ಬ್ಯಾಟರಿ ಕೂರಿಸಿದ್ದರೆ ಅದರ ಆಮ್ಲದ ಆವಿ ಮುಚ್ಚಿದ ಡಿಕ್ಕಿಯಲ್ಲೇ ಕೂತು ತಗಡನ್ನು ತಿನ್ನುತ್ತದೆ. ಮೂಲತಃ ಬಂದದ್ದು ಸೀಲ್ ಮಾಡಿದ ಎಜಿಎಂ ಬ್ಯಾಟರಿ (ಆಮ್ಲವನ್ನು ಗಾಜಿನ ಎಳೆಯ ಹಾಸು ಹೀರಿಟ್ಟುಕೊಂಡಿರುವಂಥದು), ಅದರ ಆವಿಯನ್ನು ಹೊರಗೆ ಬಿಡಲು ಸಣ್ಣ ಕೊಳವೆಗಳೂ ಇದ್ದವು. ಈಗಲೇ ಬ್ಯಾಟರಿಯನ್ನು ಎತ್ತಿ ಅದರಡಿಯ ಬಣ್ಣ ನೋಡಿ. ಬಿಳಿ ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಒಣಗಿಸಿ, ಬಣ್ಣ ಹಚ್ಚಿ, ಎಜಿಎಂ ಬ್ಯಾಟರಿಯನ್ನೇ ತಂದು ಕೊಳವೆ ಜೋಡಿಸಿ.