ಮಾರುದ್ದದ ದಾರ ಬೇಡ, ಮೊಳ ಸಾಕು

ಪ್ರಶ್ನೆ: ಗೃಹವಿಜ್ಞಾನದ ಅವಧಿಯಲ್ಲಿ ಏಳನೆಯ ತರಗತಿಯ 35 ಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೇನೆ. ನಲವತ್ತು ನಿಮಿಷಗಳಲ್ಲಿ ಅರ್ಧ ಹೊತ್ತು ದಾರದ ಸಿಕ್ಕು ಬಿಡಿಸುವುದಕ್ಕೇ ಹೋಗುತ್ತದೆ. ಕೈಹೊಲಿಗೆಯನ್ನು ಕೈಬಿಟ್ಟು ನೇರವಾಗಿ ಯಂತ್ರದ ಮುಂದೆ ಕೂರಿಸಬಹುದೇ?
– ಒಬ್ಬ ಶಿಕ್ಷಕಿ

ಉತ್ತರ: ಯಂತ್ರದ ಮುಂದೆ ಕೂರಿಸಿದರೂ ಸಿಕ್ಕು ತಪ್ಪುವುದಿಲ್ಲ, ಬಟ್ಟೆಯ ಮೇಲಿದ್ದದ್ದು ಅಡಿಗೆ ಹೋಗುತ್ತದೆ, ಅಷ್ಟೇ. ಆದ್ದರಿಂದ ಮೊದಲು ಮಕ್ಕಳು ದಾರ ಕತ್ತರಿಸುವುದನ್ನು ಗಮನಿಸಿ. ಸೂಜಿಗೆ ಮತ್ತೆ ಮತ್ತೆ ಪೋಣಿಸುವ ಕಷ್ಟ ತಪ್ಪಲೆಂದು ಅವರು ಮಾರುದ್ದ ಎಳೆದುಕೊಳ್ಳುತ್ತಾರೆ. ಹೊಲಿಯುವಾಗ ಸೂಜಿ ಬೆರಳುಗಳ ನಡುವೆ ಪ್ರತಿ ಸಲವೂ ತುಸು ತಿರುಗುವುದರಿಂದ ದಾರಕ್ಕೆ ಹುರಿ ಏರುತ್ತ ಹೋಗಿ, ಕೊಂಚ ಸಡಿಲಬಿಟ್ಟೊಡನೆ ಅದು ತಾನಾಗಿಯೇ ಸುರುಳಿ ಸುತ್ತಿಕೊಂಡು ಗಂಟಾಗುತ್ತದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕೈಯಲ್ಲಿ ಒಂದು ಮೊಳ ಅಳೆದುಕೊಳ್ಳಲಿ; ಅದಕ್ಕಿಂತ ಉದ್ದ ಬೇಡ. ಹುರಿ ಏರಿದ್ದು ಕಂಡರೆ ಬಟ್ಟೆಯನ್ನು ಎತ್ತಿ ಹಿಡಿದು ಸೂಜಿಯನ್ನು ತೂಗುಬಿಡಲು ಹೇಳಿ. ಅದು ಗಿರಗಿರನೆ ತಿರುಗಿ ಹುರಿ ಬಿಚ್ಚಿಕೊಳ್ಳುವುದನ್ನು ನೋಡುವುದೆಂದರೆ ಮಕ್ಕಳಿಗೆ ಹೊಲಿಗೆಗಿಂತ ಹೆಚ್ಚಿನ ಸಂಭ್ರಮ.

ಬಟ್ಟೆ ಹತ್ತಿಯದಿರಲಿ, ಚೌಕುಳಿ ಬಟ್ಟೆಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಗೆರೆ ಎಳೆದುಕೊಡುವ ಕೆಲಸ ನಿಮಗೆ ತಪ್ಪುತ್ತದೆ. ಸೂಜಿ ಕೊಳ್ಳುವಾಗ ಒಂದು ವಿಷಯ ನೆನಪಿರಲಿ: ಕೈಸೂಜಿಯಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣದು, ಯಂತ್ರದ ಸೂಜಿಯಲ್ಲಿ ಇದು ತಿರುಗುಮುರುಗು.

ಮೊದಲ ಪಾಠಕ್ಕೆ ಹೊಲಿಗೆಯ ಮಾದರಿಗಳ ಸಾಲನ್ನು ಮಾಡಿಸುವ ಪದ್ಧತಿ ನನಗಂತೂ ಒಪ್ಪಿಗೆಯಿಲ್ಲ. ಹನ್ನೆರಡು ವರ್ಷದ ಮಗುವಿಗೆ ಆ ಚಿಂದಿಯಿಂದ ಆಗಬೇಕಾದದ್ದೇನೂ ಇರುವುದಿಲ್ಲ. ಅದರ ಬದಲು ಗುಂಡಿ ಹಚ್ಚಿಸಿ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇರಿಸಿ ಅದನ್ನೂ ಸೇರಿಸಿ ಹೊಲಿದು, ಕೊನೆಗೆ ಕಡ್ಡಿಯನ್ನು ಎಳೆದು, ಗುಂಡಿಯನ್ನು ಮೇಲಕ್ಕೆತ್ತಿ, ಅದರ ಕೆಳಗಿನ ಸಡಿಲ ಎಳೆಗಳಿಗೆ ಮೂರು ಸುತ್ತು ದಾರ ಸುತ್ತಿ ಗಂಟು ಹಾಕಿದರೆ ಕಾಜಾದ ಬಟ್ಟೆ ಕೂರುವಷ್ಟು ಜಾಗ ಉಳಿಯುತ್ತದೆ. ಅದೇ ದಿನ ಹೊಲಿಗೆ ಬಿಚ್ಚುವುದನ್ನೂ ಕಲಿಸಿಬಿಡಿ. ಬಿಚ್ಚಲು ಬಂದ ಮಗು ತಪ್ಪಿದೊಡನೆ ನಿಮ್ಮ ಮೇಜಿನ ಬಳಿ ಸಾಲು ನಿಲ್ಲುವುದಿಲ್ಲ.

ಯಂತ್ರವನ್ನು ಆಮೇಲೆ, ನಾಲ್ಕೈದು ಮಕ್ಕಳ ಗುಂಪಿನಲ್ಲಿ ಕಲಿಸಬಹುದು. ಮೊದಲು ದಾರವಿಲ್ಲದೆ, ಗೆರೆ ಹಾಕಿದ ಕಾಗದದ ಮೇಲೆ ಓಡಿಸಲಿ. ಮೂಲೆ ಬಂದಾಗ ಸೂಜಿಯನ್ನು ಕಾಗದದೊಳಗೇ ಇಳಿಸಿಟ್ಟು, ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಎತ್ತಿ, ಕಾಗದವನ್ನು ತಿರುಗಿಸಲಿ. ಕಾಗದ ಸೂಜಿಯ ಮೊನೆಯನ್ನು ಮೊಂಡಾಗಿಸುವುದರಿಂದ ಇದಕ್ಕೆ ಹಳೆಯ ಸೂಜಿಯೇ ಸಾಕು. ದಾರ ಹಾಕಿದ ಮೇಲೆ ಬಟ್ಟೆಯ ಅಡಿಯಲ್ಲಿ ದಾರ ಉಂಡೆಗಟ್ಟಿದರೆ ಎಲ್ಲರೂ ಕೆಳಗಿನ ದಾರ ಸುತ್ತಿದ ಬಾಬಿನ್ನನ್ನು ಬೈಯುತ್ತಾರೆ, ಆದರೆ ಬಹುಪಾಲು ಸಲ ತಪ್ಪು ಇರುವುದು ಮೇಲಿನ ದಾರದಲ್ಲಿ. ಫುಟ್ ಇಳಿಸಿಟ್ಟು ದಾರ ಪೋಣಿಸಿದರೆ ಮೇಲಿನ ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುವುದರಿಂದ ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿ, ಎರಡೂ ದಾರಗಳ ತುದಿಯನ್ನು ಹಿಂದಕ್ಕೆ ಹಿಡಿದು ಶುರುಮಾಡಿದರೆ ಸರಿಹೋಗುತ್ತದೆ.

ಸೂಜಿಗಳನ್ನು ಕೊಡುವಾಗ ಎಣಿಸಿದಂತೆ ಹಿಂದಕ್ಕೆ ಪಡೆಯುವಾಗಲೂ ಎಣಿಸಿ. ಒಂದು ಕಡಿಮೆಯಾದರೆ ನೆಲದ ಮೇಲೆ ಅಯಸ್ಕಾಂತ ಆಡಿಸಿ ಅದು ಸಿಕ್ಕುವವರೆಗೆ ಯಾರೂ ಏಳಬಾರದು.

ಪ್ರಶ್ನೆ: ನನ್ನ ತರಗತಿಯ ಒಬ್ಬ ಹುಡುಗ ಎಡಗೈಯವನು. ಬಲಗೈಯಲ್ಲಿ ಹೊಲಿಯುವಂತೆ ಅಭ್ಯಾಸ ಮಾಡಿಸಬೇಕೇ?
– ಇನ್ನೊಬ್ಬ ಓದುಗರು

ಉತ್ತರ: ಖಂಡಿತ ಬೇಡ. ಉಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರೆ ಅವನನ್ನು ಎದುರಿಗೆ ಕೂರಿಸಿಕೊಳ್ಳಿ. ನಿಮ್ಮ ಕೈಯನ್ನು ಕನ್ನಡಿಯಲ್ಲಿ ನೋಡಿದಂತೆ ನೋಡಿ ಹಾಗೆಯೇ ಮಾಡುತ್ತಾನೆ. ಅವನಿಗೆ ನಿಜವಾಗಿ ತೊಡಕಾಗುವುದು ಕತ್ತರಿ. ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಅಲಗುಗಳು ಒತ್ತಿಕೊಳ್ಳುವ ಬದಲು ಅಗಲಿ ಬಟ್ಟೆ ನಡುವೆ ಮಡಿಚಿಕೊಳ್ಳುತ್ತದೆ, ಕತ್ತರಿಸಬೇಕಾದ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಎಡಗೈಯವರಿಗೆಂದೇ ಮಾಡಿದ ಒಂದು ಕತ್ತರಿ ತರಿಸಿಡಿ.